ಬೇರೆ ಗರಡಿಯ ಪೆಟ್ಟು



ಈ ಸಲದ ವಿಷಯ ಕೊಟ್ಟವರು ನಿಮ್ಮಲ್ಲೇ ಒಬ್ಬರು. ಎಗ್ಮೋರ್‌ನಲ್ಲಿ ವಾಸವಾಗಿರುವ ತಾಯಿಯೊಬ್ಬರು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಪತ್ರ ಬರೆದಿದ್ದರು. ಅವರ ಮಗಳಿಗೆ ಹದಿನಾಲ್ಕು ವರ್ಷ. ನಾಲ್ಕು ವರ್ಷದಿಂದ ಕರಾಟೆ ಕಲಿಯುತ್ತಿದ್ದಾಳೆ. ಅವಳ ಕ್ಲಾಸಿಗೆ ಇತ್ತೀಚೆಗೆ ಹೊಸ ಹುಡುಗಿಯೊಬ್ಬಳು ಸೇರಿದಳಂತೆ. ಅವಳು ಮೊದಲು ಕಲಿತದ್ದು ಕಿಕ್‌ಬಾಕ್ಸಿಂಗ್. ಇಬ್ಬರನ್ನೂ ಎದುರುಬದುರು ನಿಲ್ಲಿಸಿದಾಗ ಆ ಹುಡುಗಿ ಮುಖಕ್ಕೂ ಗುರಿಯಿಡಲಿಲ್ಲ, ಎದೆಗೂ ಇಡಲಿಲ್ಲ. ತೊಡೆಯ ಪಕ್ಕಕ್ಕೆ ಕಣಕಾಲಿನಿಂದ ಬೀಸಿ ಒದ್ದಳು. ಮೂರನೆಯ ಒದೆಗೆ ಇವರ ಮಗಳು ಕುಂಟತೊಡಗಿದಳು. ಮನೆಗೆ ಬಂದವಳು ಇನ್ನು ಆ ಕ್ಲಾಸಿಗೆ ಹೋಗುವುದೇ ಇಲ್ಲ ಎಂದು ಹಟ ಹಿಡಿದಿದ್ದಾಳೆ. "ನಮ್ಮಲ್ಲಿ ಯಾರೂ ಹಾಗೆ ಒದೆಯುವುದಿಲ್ಲಮ್ಮ, ಅದು ಮೋಸ" ಎನ್ನುತ್ತಾಳೆ. "ಅದು ನಿಜವಾಗಿಯೂ ಮೋಸವೇ? ಅವಳಿಗೆ ನಾನು ಏನು ಹೇಳಲಿ?" ಎಂದು ತಾಯಿ ಕೇಳಿದ್ದಾರೆ.

ಕನ್ನಡದಲ್ಲಿ ಬಿ.ಎ. ಮಾಡಿ ಮೈಕಿನ ಮುಂದೆ ಕೂತವರಿಗೆ ಕೇಳುವ ಪ್ರಶ್ನೆಯೇ ಇದು ಎಂದು ನೀವು ನಗಬಹುದು. ಆದರೆ ಪ್ರಶ್ನೆ ಇಂದಿನದಲ್ಲ. ಕಂಡರಿಯದ ಪೆಟ್ಟಿಗೆ ಉತ್ತರ ಕಲಿಯುವುದು ಹೇಗೆ ಎಂಬುದನ್ನು ನಮ್ಮ ಜಟ್ಟಿಗಳೂ ಮಲ್ಲರೂ ಶತಮಾನಗಳ ಹಿಂದೆಯೇ ಎದುರಿಸಿದ್ದಾರೆ. ಆ ಇತಿಹಾಸದ ಒಂದು ತುಣುಕು ಎಗ್ಮೋರ್‌ನ ಪ್ಯಾಂಥಿಯನ್ ರಸ್ತೆಯಲ್ಲೇ ಇದೆ. ಅಲ್ಲಿಗೆ ಹೋಗುವ ಮೊದಲು, ಹತ್ತಿರದಲ್ಲೇ ನಡೆದ ಇನ್ನೊಂದು ಸಂಗತಿ ಕೇಳಿ.

ಅಲಿ ಮದರಾಸಿಗೆ ಬಂದಾಗ

ಎಗ್ಮೋರ್‌ಗೆ ಹತ್ತಿರದಲ್ಲಿರುವ ಜವಾಹರಲಾಲ್ ನೆಹರೂ ಸ್ಟೇಡಿಯಂ ನಿಮಗೆಲ್ಲ ಗೊತ್ತು. ಈಗಿರುವುದು 1993ರಲ್ಲಿ ಹೊಸದಾಗಿ ಕಟ್ಟಿದ್ದು. ಅದಕ್ಕೂ ಹಿಂದಿನ ಹಳೆಯ ಸ್ಟೇಡಿಯಂಗೆ 1980ರಲ್ಲಿ ಮಹಮ್ಮದ್ ಅಲಿ ಬಂದಿದ್ದ. ಪ್ರದರ್ಶನ ಪಂದ್ಯ. ಆಗಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಅವರೂ ಸಿಲಂಬಂ ಕೋಲು ತಿರುಗಿಸಬಲ್ಲವರು ಎಂಬುದು ಅವರ ಸಿನಿಮಾ ನೋಡಿದವರಿಗೆಲ್ಲ ಗೊತ್ತಿದ್ದ ಮಾತು. ಹಾಗಾಗಿ ಹೊಡೆದಾಟದ ರುಚಿ ಬಲ್ಲ ಊರಿಗೇ ಅಲಿ ಬಂದಿಳಿದಿದ್ದ ಎನ್ನಬೇಕು.

ರಿಂಗಿನಲ್ಲಿ ಅಲಿಯ ಎದುರು ನಿಂತವನು ಜಿಮ್ಮಿ ಎಲ್ಲಿಸ್. ಇಬ್ಬರೂ ಅಮೆರಿಕದ ಲೂಯಿವಿಲ್ ಊರಿನವರು, ಹುಡುಗರಾಗಿದ್ದಾಗಿನಿಂದ ಜೊತೆಯಾಗಿ ಗುದ್ದಾಡಿ ಬೆಳೆದವರು. ಎಲ್ಲಿಸ್ ಎಷ್ಟೋ ಕಾಲ ಅಲಿಯ ಅಭ್ಯಾಸದ ಜೋಡಿಯಾಗಿದ್ದ. 1968ರಲ್ಲಿ ತಾನೂ ಒಂದು ಹೆವಿವೇಟ್ ಪಟ್ಟ ಗೆದ್ದ. 1971ರಲ್ಲಿ ಹ್ಯೂಸ್ಟನ್‌ನಲ್ಲಿ ಇಬ್ಬರೂ ನಿಜವಾದ ಪಂದ್ಯದಲ್ಲೇ ಎದುರಾದಾಗ ಗೆದ್ದವನು ಅಲಿ. ಇವನ ಗುದ್ದು ಎಲ್ಲಿಂದ ಹೊರಡುತ್ತದೆ ಎಂದು ಅವನಿಗೆ ಗೊತ್ತು, ಅವನು ಎತ್ತ ವಾಲುತ್ತಾನೆ ಎಂದು ಇವನಿಗೆ ಗೊತ್ತು. ಮದರಾಸಿನ ಜನ ಅಂದು ನೋಡಿದ್ದು ಹಳೆಯ ಗೆಳೆಯರಿಬ್ಬರ ಆಟ.

ಅದಕ್ಕೆ ನಾಲ್ಕು ವರ್ಷ ಹಿಂದೆ ಇದೇ ಅಲಿ ಟೋಕಿಯೋದಲ್ಲಿ ಬೇರೆಯೇ ಸ್ಥಿತಿಯಲ್ಲಿದ್ದ. 1976ರ ಜೂನ್ 26, ನಿಪ್ಪಾನ್ ಬುಡೋಕಾನ್ ಸಭಾಂಗಣ. ಎದುರಾಳಿ ಜಪಾನಿನ ಕುಸ್ತಿಪಟು ಆಂಟೋನಿಯೋ ಇನೋಕಿ. ಬಾಕ್ಸಿಂಗ್ ಮತ್ತು ಕುಸ್ತಿಗಳ ಮಧ್ಯೆ ಒಂದು ಪೈಪೋಟಿ ಎಂದು ಜಗತ್ತೆಲ್ಲ ಕಾದಿತ್ತು. ಗಂಟೆ ಬಾರಿಸಿದ್ದೇ ತಡ, ಇನೋಕಿ ಓಡಿಬಂದು ನೆಲಕ್ಕೆ ಜಾರಿದ. ಅಂಗಾತ ಮಲಗಿದಂತೆಯೇ ಅಲಿಯ ಕಾಲಿಗೆ ಒದೆಯತೊಡಗಿದ. ಹದಿನೈದು ಸುತ್ತೂ ಬಹುಮಟ್ಟಿಗೆ ಅದೇ ಕಥೆ. ಎದ್ದು ನಿಂತು ಹೊಡೆದಾಡು ಎಂದು ಅಲಿ ಕೂಗಾಡಿದ, ಹಂಗಿಸಿದ. ಇನೋಕಿ ಏಳಲಿಲ್ಲ. ಜಗತ್ತಿನ ಅತ್ಯಂತ ಚುರುಕಿನ ಮುಷ್ಟಿಗೆ ನೆಲದ ಮೇಲಿದ್ದವನು ಸಿಗಲೇ ಇಲ್ಲ. ಅಲಿಯ ಗುದ್ದು ತಗುಲಿದ್ದು ಬೆರಳೆಣಿಕೆಯಷ್ಟು ಸಲ. ಪಂದ್ಯ ಡ್ರಾ ಆಯಿತು. ಅಲಿಯ ಕಾಲು ಬಾತು ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಬೇಕಾಯಿತು. ದುಡ್ಡು ಕೊಟ್ಟವರು ಇದೆಂಥ ಪಂದ್ಯ ಎಂದು ಬೈದರು.

ಬೈದದ್ದಿರಲಿ, ಒಂದು ವಿಷಯ ಗಮನಿಸಿ. ಜಗತ್ತನ್ನೇ ಗೆದ್ದವನ ಬಾಯಲ್ಲೂ ಬಂದದ್ದು ನಮ್ಮ ಎಗ್ಮೋರ್ ಹುಡುಗಿಯ ಮಾತೇ! ತನ್ನ ಜಿಮ್ಮಿನಲ್ಲಿ ಅವನಿಗೆ ಯಾರೂ ಕಾಲಿಗೆ ಒದ್ದಿರಲಿಲ್ಲ.

ಕಣ್ಣಿಗೆ ಕಂಡರೆ ಸಾಲದು

ಕಾಣುವ ಪೆಟ್ಟನ್ನು ತಡೆಯಲು ಏನು ಕಷ್ಟ ಎಂದು ನೀವು ಕೇಳಬಹುದು. ಕಷ್ಟ ಇರುವುದು ಸಮಯದಲ್ಲಿ. ಕಣ್ಣು ಕಂಡದ್ದಕ್ಕೆ ಕೈ ಅಲುಗಲು ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತಾದರೂ ಬೇಕು. ಪಳಗಿದವರ ಗುದ್ದು ಅಷ್ಟರೊಳಗೆ ಬಂದು ಮುಟ್ಟಿರುತ್ತದೆ. ಹಾಗಾದರೆ ಪೈಲ್ವಾನರು, ಬಾಕ್ಸರ್‌ಗಳು ತಪ್ಪಿಸಿಕೊಳ್ಳುವುದು ಹೇಗೆ? ಅವರು ಬರುವ ಕೈಯನ್ನು ನೋಡುತ್ತಾ ಕೂರುವುದಿಲ್ಲ. ಕೈ ಹೊರಡುವ ಮೊದಲೇ ಭುಜ ಸ್ವಲ್ಪ ಅಲುಗುತ್ತದೆ, ಸೊಂಟ ತಿರುಗುತ್ತದೆ, ಹಿಮ್ಮಡಿ ಏಳುತ್ತದೆ, ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಜಾರುತ್ತದೆ. ಸಾವಿರ ಸಲ ನೋಡಿ, ನೂರು ಸಲ ತಿಂದು, ಈ ಸುಳಿವುಗಳು ಅವರ ಮೈಗೆ ಹತ್ತಿರುತ್ತವೆ. ಪೆಟ್ಟು ಹೊಸದಾದರೆ ಸುಳಿವೂ ಹೊಸದು. ಎದುರಿಗೇ ಇದ್ದರೂ ಅದು ಸುಳಿವು ಎಂದು ಮೈಗೆ ತಿಳಿಯುವುದಿಲ್ಲ.

ಎಡಗೈಯವರ ಎದುರು ಆಡುವುದು ಕಷ್ಟ ಎನ್ನುವುದಕ್ಕೂ ಇದೇ ಕಾರಣ. ಎಡಚರ ಕೈಯಲ್ಲಿ ವಿಶೇಷ ಬಲವೇನೂ ಇಲ್ಲ. ಅವರಿಗೆ ದಿನವೂ ಸಿಗುವವರು ಬಲಗೈಯವರೇ, ಬಲಗೈಯವರಿಗೆ ಎಡಚರು ಸಿಗುವುದು ಅಪರೂಪ. ಬಾಕ್ಸಿಂಗ್, ಫೆನ್ಸಿಂಗ್‌ಗಳ ಮೇಲಿನ ಸಾಲಿನಲ್ಲಿ ಎಡಚರು ಊರಲ್ಲಿ ಕಾಣುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕಾಣಿಸುವುದನ್ನು ಸಂಶೋಧಕರೂ ಗುರುತಿಸಿದ್ದಾರೆ.

ಒಂದೇ ಗರಡಿಯಲ್ಲಿ, ಅದೇ ನಾಲ್ಕು ಜನರ ಜೊತೆ ಎಷ್ಟು ವರ್ಷ ತಾಲೀಮು ಮಾಡಿದರೂ ಆ ನಾಲ್ವರ ಪಟ್ಟುಗಳಿಗೆ ಮಾತ್ರ ಉತ್ತರ ಕಲಿತಂತಾಗುತ್ತದೆ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತೇ? ಗೊತ್ತಿತ್ತು ಎನ್ನಲು ಒಳ್ಳೆಯ ಸಾಕ್ಷಿಗಳಿವೆ.

ಜಟ್ಟಿಗಳ ಕಾಳಗ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಮಲ್ಲರನ್ನು ವಯಸ್ಸು, ಬಲ, ಕೌಶಲಗಳಿಗೆ ತಕ್ಕಂತೆ ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ಅದು ವಿಂಗಡಿಸುತ್ತದೆ. ನಮ್ಮ 'ಜಟ್ಟಿ' ಎಂಬ ಮಾತಿಗೂ ಈ 'ಜ್ಯೇಷ್ಠಿ'ಗೂ ನಂಟಿದೆ ಎನ್ನುತ್ತಾರೆ. ಜೋಡಿ ಕಟ್ಟುವುದರಲ್ಲಿ ಅಂದೇ ಇಷ್ಟು ಎಚ್ಚರವಿತ್ತು. ಕಲಿಯುವವನನ್ನು ಏಕಾಏಕಿ ಹುಲಿಯ ಬಾಯಿಗೆ ದೂಡುತ್ತಿರಲಿಲ್ಲ.

ವಿಜಯನಗರದ ಮಹಾನವಮಿಯನ್ನು ಸುಮಾರು 1520ರಲ್ಲಿ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಕುಸ್ತಿ ನೋಡಿ ಬೆರಗಾಗಿದ್ದ. ಅವನ ದೇಶದಲ್ಲಿ ಕುಸ್ತಿ ಎಂದರೆ ಹಿಡಿದು ಕೆಡವುವುದು. ಇಲ್ಲಿಯವರು ಹಲ್ಲು ಮುರಿಯುವಂತೆ, ಮುಖ ಕೆಡುವಂತೆ ಗುದ್ದುತ್ತಿದ್ದರು. ಹದಿನೈದು ವರ್ಷದ ನಂತರ ಫೆರ್ನಾವೊ ನೂನಿಜ್ ಇನ್ನೂ ಒಂದು ಸ್ವಾರಸ್ಯ ಬರೆದಿಟ್ಟ. ಅರಸನ ಬಳಿ ಸಾವಿರ ಮಂದಿ ಮಲ್ಲರಿದ್ದಾರೆ, ಕೈಯಲ್ಲಿ ಮೊನೆಯುಳ್ಳ ಬಳೆಯಂಥ ಆಯುಧ ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಾರೆ, ಯಾರಿಗೆ ಹೆಚ್ಚು ಗಾಯವಾಯಿತೋ ಅವನಿಗೆ ರೇಷ್ಮೆ ಬಟ್ಟೆಯ ಉಡುಗೊರೆ! ಸೋತವನ ಕೈಗೆ ರೇಷ್ಮೆ ಏಕೆ ಎಂದು ನೂನಿಜ್ ವಿವರಿಸುವುದಿಲ್ಲ. ನನಗನ್ನಿಸುವುದು ಇಷ್ಟು: ಪೆಟ್ಟು ತಿಂದವನು ಮುಂದಿನ ವರ್ಷವೂ ಕಣಕ್ಕೆ ಇಳಿಯಬೇಕು ಎಂಬ ಎಣಿಕೆ ಅದರ ಹಿಂದೆ ಇದ್ದೀತು.

ಮುಂದೆ ಶ್ರೀರಂಗಪಟ್ಟಣಕ್ಕೆ ಬನ್ನಿ. 1782ರಲ್ಲಿ ಸೆರೆಸಿಕ್ಕಿ ಸುಮಾರು ಹತ್ತು ವರ್ಷ ಮೈಸೂರು ಸೀಮೆಯಲ್ಲಿ ಬಂದಿಯಾಗಿದ್ದ ಜೇಮ್ಸ್ ಸ್ಕರ್ರಿ ಎಂಬ ಇಂಗ್ಲಿಷ್ ಹುಡುಗ ಟಿಪ್ಪು ಸುಲ್ತಾನನ ಎದುರು ನಡೆಯುತ್ತಿದ್ದ ಜಟ್ಟಿ ಕಾಳಗವನ್ನು ಕಂಡಿದ್ದ. ಅವನ ನೆನಪುಗಳು 1824ರಲ್ಲಿ ಪುಸ್ತಕವಾಗಿ ಬಂದವು. ಬೋಳಿಸಿದ ತಲೆ, ಎಣ್ಣೆ ಬಳಿದ ಮೈ, ಬಲಗೈ ಬೆರಳುಗಳ ಮೇಲೆ ನಾಲ್ಕು ಉಕ್ಕಿನ ಉಗುರು. ಕಾಳಗ ಶುರುವಾಗುತ್ತಲೇ ಇಬ್ಬರೂ ಕೊರಳಿನ ಹೂವನ್ನು ಕಿತ್ತು ಎದುರಾಳಿಯ ಮುಖಕ್ಕೆ ಎಸೆಯುತ್ತಿದ್ದರಂತೆ. ಕಣ್ಣು ಒಂದು ಕ್ಷಣ ಮುಚ್ಚಿತೋ, ಬಲಗೈ ಎರಗಿತು! ಎದುರಾಳಿ ಬಿಡಿಸಿಕೊಳ್ಳಲಾರದ ಹಿಡಿತ ಯಾರಿಗೆ ಸಿಕ್ಕಿತೋ ಗೆಲುವು ಅವನದು. ಎಷ್ಟೋ ಸಲ ಕೈಕಾಲು ಮುರಿಯುತ್ತಿದ್ದವು.

ಸ್ಕರ್ರಿ ಹೇಳುವ ಇನ್ನೊಂದು ಮಾತು ನಮಗೆ ಮುಖ್ಯ. ಜಟ್ಟಿಗಳು ತಮ್ಮ ತಮ್ಮ ಗುರುಗಳ ಹಿಂದೆ ಬರುತ್ತಿದ್ದರು. ಜೋಡಿ ಕಟ್ಟುವಾಗ ಒಂದು ಗರಡಿಯವನಿಗೆ ಇನ್ನೊಂದು ಗರಡಿಯವನು. ಗುರುವಿನ ಹತ್ತಿರ ಗುಟ್ಟಾಗಿ ಕಲಿತದ್ದು ಕಣದಲ್ಲಿ ಬಯಲಾಗುತ್ತಿತ್ತು. ಈ ವರ್ಷ ಏಟು ತಿಂದ ಗರಡಿ ಆ ಏಟಿಗೆ ಉತ್ತರ ಹುಡುಕದೆ ಸುಮ್ಮನೆ ಕೂರುವುದುಂಟೇ? ನೀ ಚಾಪೆ ಕೆಳಗೆ ತೂರಿದರೆ ನಾ ರಂಗೋಲಿ ಕೆಳಗೆ ತೂರುತ್ತೇನೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ತಿರುಚಿರಾಪಳ್ಳಿಯ ಸವಾಲು

ತಿರುಚಿರಾಪಳ್ಳಿಗೆ ಹೋಗುವ ರೈಲು ಹಿಡಿಯಲು ನೀವೆಲ್ಲ ಎಗ್ಮೋರ್‌ಗೇ ಹೋಗುತ್ತೀರಿ. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅದೇ ತಿರುಚಿರಾಪಳ್ಳಿಗೆ ಮೈಸೂರಿನವನೊಬ್ಬ ವೇಷ ಮರೆಸಿಕೊಂಡು ಹೋದನೆಂದು ನಮ್ಮ ಐತಿಹ್ಯ ಹೇಳುತ್ತದೆ. ಅವನೇ ರಣಧೀರ ಕಂಠೀರವ ನರಸರಾಜ ಒಡೆಯರು, 1638ರಿಂದ 1659ರವರೆಗೆ ಮೈಸೂರನ್ನಾಳಿದ ದೊರೆ. ಜನರ ಬಾಯಲ್ಲಿರುವ ಕಥೆಯಂತೆ, ತಿರುಚಿರಾಪಳ್ಳಿಯ ಜಟ್ಟಿಯೊಬ್ಬ ತನ್ನನ್ನು ಗೆಲ್ಲುವವರೇ ಇಲ್ಲವೆಂದು ತನ್ನ ಚಲ್ಲಣವನ್ನು ಊರ ಬಾಗಿಲಿಗೆ ಕಟ್ಟಿಸಿದ್ದ. ಬಂದವರೆಲ್ಲ ಅದರ ಕೆಳಗೆ ತಲೆ ಬಗ್ಗಿಸಿ ಹೋಗಬೇಕು. ಕಂಠೀರವ ಅದನ್ನು ಒಪ್ಪಲಿಲ್ಲ, ಕಣಕ್ಕಿಳಿದು ಜಟ್ಟಿಯನ್ನು ಮುಗಿಸಿದ.

ಈ ಕಥೆಯನ್ನು ನಮ್ಮ ಮನೆಮನೆಗೂ ಮುಟ್ಟಿಸಿದ ಸಿನಿಮಾ 1960ರ 'ರಣಧೀರ ಕಂಠೀರವ'. ಕನ್ನಡ ಚಿತ್ರರಂಗದ ಸಂಸಾರವೆಲ್ಲ ಮದರಾಸಿನಲ್ಲೇ ಇದ್ದ ಕಾಲ ಅದು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಆ ಚಿತ್ರ ತೆಗೆದರು. ಕಥೆಯಲ್ಲಿ ಇತಿಹಾಸ ಎಷ್ಟು, ಅಭಿಮಾನ ಎಷ್ಟು ಎಂಬುದು ಬೇರೆ ಮಾತು. ನನಗೆ ಇಷ್ಟವಾಗುವುದು ಅದರ ಶುರು. ಒಬ್ಬ ವೀರ ತನ್ನ ಊರಿನ ಗರಡಿಯಲ್ಲಿ ಗೆದ್ದದ್ದು ಸಾಲದೆಂದು, ತನ್ನ ಪಟ್ಟು ತಿಳಿಯದ, ತನಗೆ ಪಟ್ಟು ತಿಳಿಯದ ಎದುರಾಳಿಯನ್ನು ಹುಡುಕಿಕೊಂಡು ಹೋಗುತ್ತಾನೆ. ವೀರನನ್ನು ನಮ್ಮ ಜನ ಅಳೆದದ್ದು ಹಾಗೆ.

ಪ್ಯಾಂಥಿಯನ್ ರಸ್ತೆಯ ಕಠಾರಿಗಳು

ಈಗ ಎಗ್ಮೋರ್‌ನ ಸರ್ಕಾರಿ ಮ್ಯೂಸಿಯಂಗೆ ಹೋಗೋಣ. 1851ರಲ್ಲಿ ಶುರುವಾಗಿ 1854ರಲ್ಲಿ ಪ್ಯಾಂಥಿಯನ್ ಆವರಣಕ್ಕೆ ಬಂದ ಸಂಸ್ಥೆ ಅದು. ನಟರಾಜನ ಕಂಚಿನ ಮೂರ್ತಿ, ಅಮರಾವತಿಯ ಶಿಲ್ಪ ನೋಡಲು ನೀವು ಮಕ್ಕಳನ್ನು ಕರೆದೊಯ್ದಿರುತ್ತೀರಿ. ಅಲ್ಲಿನ ಆಯುಧಗಳ ಸಂಗ್ರಹದ ಮುಂದೆ ಎಷ್ಟು ಹೊತ್ತು ನಿಂತಿದ್ದೀರಿ?

ಆ ಆಯುಧಗಳಲ್ಲಿ ಬಹಳಷ್ಟು ತಂಜಾವೂರಿನ ಅರಮನೆಯವು. ತಂಜಾವೂರಿನ ಮರಾಠಾ ರಾಜ್ಯವನ್ನು ಕಟ್ಟಿದ ಏಕೋಜಿ ಹೊರಟದ್ದು ಬೆಂಗಳೂರಿನಿಂದ ಎಂಬುದು ನಮಗೆ ಮರೆತಿರುತ್ತದೆ. ಶಹಾಜಿಯ ಜಹಗೀರಾಗಿದ್ದ ಬೆಂಗಳೂರನ್ನು ನೋಡಿಕೊಳ್ಳುತ್ತಿದ್ದ ಅವನು 1670ರ ದಶಕದಲ್ಲಿ ತಂಜಾವೂರು ಹಿಡಿದ. 1855ರಲ್ಲಿ ಆ ವಂಶದ ಕೊನೆಯ ರಾಜ ತೀರಿಕೊಂಡಾಗ ಕಂಪನಿ ರಾಜ್ಯವನ್ನು ನುಂಗಿತು. ಆಯುಧಶಾಲೆಯಲ್ಲಿದ್ದುದರಲ್ಲಿ ಒಂದಷ್ಟನ್ನು ಆರಿಸಿ 1860ರ ದಶಕದಲ್ಲಿ ಮದರಾಸಿನ ಮ್ಯೂಸಿಯಂಗೆ ಸಾಗಿಸಿದರು. ಬಹುಪಾಲು ಗುಜರಿ ಕಬ್ಬಿಣವಾಗಿ ಹೋಯಿತು.

ಉಳಿದ ಕಠಾರಿಗಳನ್ನು ನೋಡಿ. ಮುಷ್ಟಿಯಲ್ಲಿ ಅಡ್ಡ ಹಿಡಿದು ಗುದ್ದಿದಂತೆ ಚುಚ್ಚುವ ಆಯುಧ ಕಠಾರಿ. ದಕ್ಷಿಣದ ಕಠಾರಿಗಳಲ್ಲಿ ಕೆಲವಕ್ಕೆ ಕೈಯ ಹಿಂಭಾಗವನ್ನು ಮುಚ್ಚುವ ಲೋಹದ ಹೆಡೆಯಿದೆ. ಯಾವನೋ ಒಬ್ಬ ಎದುರಾಳಿ ಬೆರಳಿಗೇ ಹೊಡೆಯಲು ಕಲಿತಿರಬೇಕು, ಅದಕ್ಕೆ ಕಮ್ಮಾರನ ಉತ್ತರ ಈ ಹೆಡೆ. ಇನ್ನು ಕೆಲವು ಕಠಾರಿಗಳ ಅಲಗು ಯೂರೋಪಿನದು. ಹಡಗಿನಲ್ಲಿ ಬಂದ ನೀಳವಾದ ನೆಟ್ಟನೆಯ ಅಲಗನ್ನು ಇಲ್ಲಿನ ಹಿಡಿಗೆ ಜೋಡಿಸಿದ್ದಾರೆ. ಫಿರಂಗಿ ಎಂದರೆ ನಮಗೆ ಈಗ ತೋಪು ಮಾತ್ರ. ಪರಂಗಿಯವರ ಅಲಗಿನ ಕತ್ತಿಗೂ ಅದೇ ಹೆಸರಿತ್ತು. ನಾವು ತಿನ್ನುವ ಪರಂಗಿ ಹಣ್ಣಿನಲ್ಲೂ ಅದೇ ಪರಂಗಿಯವರಿದ್ದಾರೆ! ಹೊರಗಿನವನ ಕತ್ತಿಯನ್ನು ಬೈದು ಸುಮ್ಮನಾಗದೆ ಅದನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿ, ತಮ್ಮ ಹಿಡಿತಕ್ಕೆ ಹೊಂದಿಸಿಕೊಂಡವರ ಕೆಲಸ ಅದು.

ತಾಯಿಗೆ ಉತ್ತರ

ಪತ್ರ ಬರೆದ ಅಮ್ಮನಿಗೆ ಈಗ ಉತ್ತರ ಹೇಳಬಹುದು. ತೊಡೆಗೆ ಒದೆಯಬಾರದೆಂದು ಆ ಕ್ಲಾಸಿನಲ್ಲಿ ನಿಯಮವಿದ್ದರೆ ಆ ಒದೆ ತಪ್ಪು, ತಡೆಯಬೇಕಾದವರು ಗುರುಗಳು. ನಿಯಮವನ್ನು ಮೊದಲೇ ಹೇಳದೆ ಬೇರೆ ಬೇರೆ ವಿದ್ಯೆ ಕಲಿತವರನ್ನು ಜೋಡಿ ಕಟ್ಟುವುದು ಸರಿಯಲ್ಲ. ಹೊಡೆದಾಟ ಅಷ್ಟು ಕ್ರೂರವಾಗಿದ್ದ ಕಾಲದಲ್ಲೂ ಜೋಡಿಗೆ ಲೆಕ್ಕವಿತ್ತು ಎಂದು ಆಗಲೇ ನೋಡಿದೆವು. ಕಾಲು ನೋಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಪೂರ್ತಿ ವಾಸಿಯಾಗಲಿ.

ಆದರೆ ನಿಯಮ ಇಲ್ಲದಿದ್ದರೆ ಆ ಒದೆ ಮೋಸವಲ್ಲ, ಪಾಠ. ಆ ಪಾಠ ಹೇಳಿಕೊಡಲು ಆ ಹೊಸ ಹುಡುಗಿಗಿಂತ ಒಳ್ಳೆಯ ಟೀಚರ್ ಸಿಗುವುದಿಲ್ಲ. ನಿಮ್ಮ ಮಗಳು ಅವಳ ಹತ್ತಿರವೇ ಹೋಗಿ, "ಅದೇ ಒದೆಯನ್ನು ನಿಧಾನವಾಗಿ ಇನ್ನೊಮ್ಮೆ ತೋರಿಸು" ಎನ್ನಲಿ. ಗುರುಗಳ ಕಣ್ಣೆದುರು, ಕಾಲಿಗೆ ಪ್ಯಾಡ್ ಕಟ್ಟಿಕೊಂಡು. ಮೊದಲ ಇಪ್ಪತ್ತು ಸಲ ತಡೆಯುವುದೂ ಬೇಡ, ಬರೀ ನೋಡಲಿ. ಒದೆ ಹುಟ್ಟುವುದು ಎಲ್ಲಿ, ಹಿಮ್ಮಡಿಯಲ್ಲೋ, ಸೊಂಟದಲ್ಲೋ, ಭುಜದಲ್ಲೋ? ಆಮೇಲೆ ದೂರವನ್ನು ಬದಲಿಸಿ ನೋಡಲಿ. ಅರ್ಧ ಹೆಜ್ಜೆ ಹಿಂದಿದ್ದರೆ ಒದೆ ಗಾಳಿಗೆ ಹೋಗುತ್ತದೆ. ಅರ್ಧ ಹೆಜ್ಜೆ ಮುಂದೆ ನುಗ್ಗಿದರೆ ಬಲ ತುಂಬಿಕೊಳ್ಳುವ ಮೊದಲೇ ಅದು ಸತ್ತುಹೋಗುತ್ತದೆ. ಮೂರನೆಯದಾಗಿ, ಒದೆಯುವಾಗ ಆ ಹುಡುಗಿ ನಿಂತಿರುವುದು ಒಂಟಿ ಕಾಲಲ್ಲಿ. ಆ ಕ್ಷಣ ಅವಳ ಮೈಯಲ್ಲಿ ಯಾವ ಬಾಗಿಲು ತೆರೆದಿರುತ್ತದೆ? ಇಷ್ಟು ಗೊತ್ತಾದ ಮೇಲೆ ನಿಧಾನವಾಗಿ ವೇಗ ಹೆಚ್ಚಿಸಲಿ. ಪ್ರತಿಯಾಗಿ ಇವಳು ಕರಾಟೆಯಲ್ಲಿ ಕಲಿತದ್ದನ್ನು ಅವಳಿಗೆ ಕೊಡಲಿ. ಅವಳಿಗೂ ಇವಳ ನೇರ ಗುದ್ದು ಹೊಸದೇ ತಾನೇ?

ಬರಿಯ ಬೆಲ್ಟಿನ ಬಣ್ಣ ನೋಡಿ ಸಮಾಧಾನಪಡುವವರಿಗೆ ಇದು ಕಷ್ಟ. ನಾಲ್ಕು ವರ್ಷದ ವಿದ್ಯೆ ಮೂರು ಒದೆಗೆ ಅಲುಗಿತು ಎಂದಾಗ ಹದಿನಾಲ್ಕರ ವಯಸ್ಸಿಗೆ ಆಗುವ ಅವಮಾನ ಸಣ್ಣದಲ್ಲ. ಅದಕ್ಕೇ ನೂನಿಜ್ ಕಂಡ ಆ ರೇಷ್ಮೆ ಬಟ್ಟೆಯ ಸಂಗತಿಯನ್ನು ಅವಳಿಗೆ ಹೇಳಿ.

ಮೈಸೂರಿನ ವಜ್ರಮುಷ್ಟಿ

ಕೊನೆಯದಾಗಿ ಸ್ವಲ್ಪ ಚಿಂತೆಯ ಮಾತು. ಜಟ್ಟಿಗಳ ಕಾಳಗ ಇಂದಿಗೂ ಇದೆ. ವಿಜಯದಶಮಿಯ ದಿನ ಮೈಸೂರು ಅರಮನೆಯ ಒಳಾವರಣದಲ್ಲಿ ವಜ್ರಮುಷ್ಟಿ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನಗಳವರು ತಲೆ ಬೋಳಿಸಿ, ಬೆರಳಿಗೆ ಮುಷ್ಟಿಯ ಆಯುಧ ತೊಟ್ಟು ಕೆಮ್ಮಣ್ಣಿನ ಕಣಕ್ಕಿಳಿಯುತ್ತಾರೆ. ತಲೆಯಲ್ಲಿ ರಕ್ತದ ಮೊದಲ ಹನಿ ಕಂಡೊಡನೆ ಉಸ್ತಾದರು ಬಿಡಿಸುತ್ತಾರೆ. ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಆ ಬಳಿಕ ಅರಮನೆಯವರು ಬನ್ನಿ ಪೂಜೆಗೆ ಹೊರಡುತ್ತಾರೆ.

ರಕ್ತ ಕಂಡೊಡನೆ ನಿಲ್ಲಿಸುವುದು ಒಳ್ಳೆಯದೇ, ಟಿಪ್ಪುವಿನ ಕಾಲದಂತೆ ಕೈಕಾಲು ಮುರಿಯುವುದು ಯಾರಿಗೂ ಬೇಡ. ಆದರೆ ಸಾರ್ವಜನಿಕರ ಕಣ್ಣಿಗೆ ಬೀಳುವುದು ವರ್ಷಕ್ಕೊಮ್ಮೆ ಆ ಒಂದು ನಿಮಿಷ ಮಾತ್ರ ಎಂದಾದರೆ ಉಳಿದ ವಿದ್ಯೆಯ ಗತಿ ಏನು? ಪಟ್ಟು ಉಳಿಯಬೇಕಾದರೆ ಪ್ರತಿಪಟ್ಟು ಉಳಿಯಬೇಕು. ಅದು ಉಳಿಯಲು ಬೇರೆ ಗರಡಿಯವನು ಮತ್ತೆ ಮತ್ತೆ ಎದುರು ಬರಬೇಕು. ತಮಿಳುನಾಡಿನ ಸಿಲಂಬಂ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಪೆಟ್ಟು ಜೋರಾಗಿ ಬೀಳಬೇಕಿಲ್ಲ, ಕೋಲು ಮೈಗೆ ತಾಗಿದರೆ ಅಂಕ ಎಂಬ ನಿಯಮದಲ್ಲಿ ಊರೂರಿನ ಮಕ್ಕಳು ಸ್ಪರ್ಧಿಸುತ್ತಾರೆ. 2021ರಲ್ಲಿ ತಮಿಳುನಾಡು ಸರ್ಕಾರ ಅದನ್ನು ನೌಕರಿಯ ಕ್ರೀಡಾ ಮೀಸಲಾತಿಗೆ ಸೇರಿಸಿತು. 2024ರ ಜನವರಿಯಲ್ಲಿ ಇಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಅದು ಪ್ರದರ್ಶನ ಕ್ರೀಡೆಯಾಗಿತ್ತು. ವಜ್ರಮುಷ್ಟಿಗೂ ಅಪಾಯವಿಲ್ಲದ ಅಭ್ಯಾಸದ ರೂಪವೊಂದನ್ನು ಕಟ್ಟಿ, ಬೇರೆ ಬೇರೆ ಊರಿನ ಹುಡುಗರು ವರ್ಷವಿಡೀ ಕೈ ಕಲಿಸುವಂತೆ ಮಾಡಲು ಸಾಧ್ಯವೇ? ಬಲ್ಲವರು ಯೋಚಿಸಬೇಕು.

ನಿಮ್ಮ ಅಜ್ಜ, ಮುತ್ತಜ್ಜಂದಿರಲ್ಲಿ ಗರಡಿ ಸೇರಿದವರಿದ್ದರೆ, ಅವರು ಹೇಳಿದ ಪಟ್ಟುಗಳ ಹೆಸರು ನಿಮಗೆ ನೆನಪಿದ್ದರೆ ನಮಗೆ ಬರೆದು ಕಳಿಸಿ. ಒಂದೊಂದು ಊರಿನಲ್ಲಿ ಒಂದೊಂದು ಹೆಸರಿರುತ್ತದೆ, ಎಲ್ಲವನ್ನೂ ಸೇರಿಸಿ ಕಾರ್ಯಕ್ರಮದಲ್ಲಿ ಓದುತ್ತೇವೆ. ರಜೆಯಲ್ಲಿ ಮಕ್ಕಳ ಜೊತೆ ಪ್ಯಾಂಥಿಯನ್ ರಸ್ತೆಗೆ ಹೋದಾಗ ಹೆಡೆಯಿರುವ ಕಠಾರಿ ಯಾವುದು ಎಂದು ಅವರೇ ಹುಡುಕಲಿ. ಹೊರಡುವ ಮುನ್ನ ಮ್ಯೂಸಿಯಂನ ರಜಾದಿನ ವಿಚಾರಿಸಿಕೊಳ್ಳಿ.